ಕಾದಂಬರಿ ಓದಿ ಆಡುವ ಮಾತು

ಕಾದಂಬರಿಯನ್ನು ನಾವು ಸಾಮಾನ್ಯವಾಗಿ ಒಬ್ಬರೇ ಕುಳಿತು ಓದುತ್ತೇವೆ. ಹಿಂದಿನವರು ಕಾವ್ಯವನ್ನು ಸವಿಯುತ್ತಿದ್ದ ರೀತಿ ಹೀಗಿರಲಿಲ್ಲ. ಊರ ಗುಡಿಯಲ್ಲೋ ಹಿರಿಯರ ಮನೆಯ ಜಗಲಿಯಲ್ಲೋ ಗಮಕಿಯೊಬ್ಬರು ಕುಮಾರವ್ಯಾಸನ ಭಾರತವನ್ನು ಅಥವಾ ಲಕ್ಷ್ಮೀಶನ ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದರು. ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಜನ ಸುತ್ತ ಕುಳಿತು ಕೇಳುತ್ತಿದ್ದರು. ಓದು ಮುಗಿದ ಮೇಲೆ ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ಮಾತು ಸಾಗುತ್ತಿತ್ತು. ಕರ್ಣನು ಕೌರವನ ಪಕ್ಷದಲ್ಲಿ ನಿಂತದ್ದು ಸರಿಯೇ? ತುಂಬಿದ ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಹಿರಿಯರೇಕೆ ನೇರವಾದ ಉತ್ತರ ಕೊಡಲಿಲ್ಲ? ಅಕ್ಷರ ಬಾರದವರೂ ಈ ಚರ್ಚೆಯಲ್ಲಿ ಹಿಂದೆ ಬೀಳುತ್ತಿರಲಿಲ್ಲ. ಕನ್ನಡ ನಾಡಿನ ಜನ ಶಾಸ್ತ್ರವನ್ನು ಓದದೆಯೂ ಕಾವ್ಯದಲ್ಲಿ ಪರಿಣತರು ಎಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಆದರೆ ಆ ಜಗಲಿಯ ಮೇಲೆ ಎಲ್ಲರಿಗೂ ಜಾಗವಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಅಂಗಳದ ಆಚೆ, ಕತ್ತಲಲ್ಲಿ ನಿಂತು ಕೇಳಬೇಕಾದವರೂ ಇದ್ದರು. ಅವರ ಅಭಿಪ್ರಾಯವನ್ನು ಕೇಳಿದವರು ಕಡಿಮೆ.

ಕಾದಂಬರಿ ನಮ್ಮಲ್ಲಿ ಬೆಳೆದದ್ದು ಅಚ್ಚಿನ ಪುಸ್ತಕದ ಕಾಲದಲ್ಲಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು ಐತಿಹಾಸಿಕ ಕಾದಂಬರಿಗಳನ್ನು ಬರೆದುದಲ್ಲದೆ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇವರೆಲ್ಲರ ದುಡಿಮೆಯಿಂದ ಓದುಗರು ಹೆಚ್ಚಿದರು. ಕಾದಂಬರಿಯನ್ನು ಮೂಲೆಯಲ್ಲಿ ಕುಳಿತು, ತುಟಿ ಅಲ್ಲಾಡಿಸದೆ ಓದುವುದು ರೂಢಿಯಾಯಿತು. ಹೀಗೆ ಒಬ್ಬಂಟಿಯಾಗಿ ಓದಿದವನಿಗೂ ಪುಸ್ತಕ ಮುಚ್ಚಿದ ಮೇಲೆ ಯಾರೊಡನಾದರೂ ಮಾತನಾಡಬೇಕೆನಿಸುತ್ತದೆ. ಮುನ್ನೂರು ಪುಟಗಳ ಕಾಲ ಒಂದು ಮನೆಯವರ ಸುಖದುಃಖಗಳಲ್ಲಿ ಪಾಲುಗೊಂಡವನು ಆ ಮನೆಯನ್ನು ಬಿಟ್ಟು ಬಂದಾಗ ಸುಮ್ಮನಿರಲಾರ. ಆ ಮಾತನ್ನು ಆಡುವ ಬಗೆ ಯಾವುದು, ಅದರಿಂದ ಆಗುವುದೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

‘ಹೇಗಿದೆ ಕಾದಂಬರಿ?’ ಎಂದು ಕೇಳಿದರೆ ಬಹುಮಂದಿ ‘ಚೆನ್ನಾಗಿದೆ’ ಎನ್ನುತ್ತಾರೆ, ಇಲ್ಲವೆ ‘ಬೇಸರ ತರಿಸುತ್ತದೆ’ ಎನ್ನುತ್ತಾರೆ. ಇದು ಊಟ ಮಾಡಿದವನು ಹೊಟ್ಟೆ ತುಂಬಿತು ಎಂದಂತೆ; ಸುಳ್ಳಲ್ಲ, ಆದರೆ ಕೇಳಿದವನಿಗೆ ಇದರಿಂದ ಅಡುಗೆಯ ರುಚಿ ತಿಳಿಯುವುದಿಲ್ಲ. ಇನ್ನು ಕೆಲವರು ಅಭಿಪ್ರಾಯವನ್ನು ಕೇಳಿದರೆ ಕಥೆಯನ್ನೇ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿಬಿಡುತ್ತಾರೆ. ಕಥೆಯನ್ನು ಹೇಳುವುದೇ ಬೇರೆ, ಕಾದಂಬರಿಯ ವಿಷಯವಾಗಿ ಮಾತನಾಡುವುದೇ ಬೇರೆ. ಈ ವ್ಯತ್ಯಾಸ ಒಂದು ಉದಾಹರಣೆಯಿಂದ ಸ್ಪಷ್ಟವಾದೀತು.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾದ ಚಿಕ್ಕ ಕಾದಂಬರಿ. ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ, ಸಮಾಜವು ಅಸ್ಪೃಶ್ಯನೆಂದು ದೂರವಿಟ್ಟ ಚೋಮನು ಒಡೆಯನ ಮನೆಯ ಜೀತದಾಳು. ಕಾಡಿನಲ್ಲಿ ಸಿಕ್ಕಿದ ಎರಡು ಎತ್ತುಗಳನ್ನು ಅವನು ಸಾಕಿಕೊಂಡಿದ್ದಾನೆ. ಅವುಗಳನ್ನು ನೇಗಿಲಿಗೆ ಕಟ್ಟಿ ತನ್ನದೆನ್ನುವ ಒಂದು ತುಂಡು ಗದ್ದೆಯನ್ನು ಉಳಬೇಕೆಂಬುದೊಂದೇ ಅವನ ಬಯಕೆ. ಅವನ ಹುಟ್ಟಿನವರು ಬೇಸಾಯ ಮಾಡುವುದು ಸಲ್ಲದು ಎಂಬುದು ಊರಿನ ಕಟ್ಟಳೆ. ಕಾಫಿ ತೋಟದ ಸಾಲವನ್ನು ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಮಗ ರೋಗಕ್ಕೆ ತುತ್ತಾಗುತ್ತಾನೆ. ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ಆ ಮತಕ್ಕೆ ಸೇರುತ್ತಾನೆ. ಕಿರಿಯವನು ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದವನೆಂಬ ಕಾರಣಕ್ಕೆ ಅವನನ್ನು ಎತ್ತುವವರಿಲ್ಲ. ಮಗಳು ಬೆಳ್ಳಿಯ ಬಾಳೂ ತೋಟದ ನೆರಳಿನಲ್ಲಿ ಕೆಡುತ್ತದೆ. ಕೊನೆಗೆ ಚೋಮ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಮುಚ್ಚಿಕೊಂಡು, ದುಡಿಯನ್ನು ಬಡಿಯುತ್ತ ಪ್ರಾಣ ಬಿಡುತ್ತಾನೆ.

ಇಷ್ಟು ಹೇಳಿದರೆ ಕಥೆಯ ಎಲುಬುಗಳನ್ನು ಜೋಡಿಸಿಟ್ಟಂತಾಯಿತೇ ಹೊರತು ಅಭಿಪ್ರಾಯವನ್ನು ಹೇಳಿದಂತಾಗಲಿಲ್ಲ. ಓದುಗನೊಬ್ಬ, ‘ಚೋಮ ಕಳ್ಳು ಕುಡಿಯುವುದನ್ನು ಬಿಟ್ಟು, ಎತ್ತುಗಳನ್ನು ಮಾರಿ, ಸಾಲವನ್ನು ತೀರಿಸಬಹುದಾಗಿತ್ತು. ಅವನ ದುಃಖಕ್ಕೆ ಅವನ ಹಟವೂ ಕಾರಣ’ ಎಂದನೆನ್ನೋಣ. ಈಗ ಅಭಿಪ್ರಾಯ ಹುಟ್ಟಿತು. ಅದು ನಮಗೆ ಒಪ್ಪಿಗೆಯಾಗದಿರಬಹುದು; ಆದರೂ ಅದನ್ನು ಹಿಡಿದು ಪುಸ್ತಕಕ್ಕೆ ಹಿಂದಿರುಗಲು ಸಾಧ್ಯ. ಎರಡನೆಯ ಓದುಗಳು, ‘ಎತ್ತುಗಳನ್ನು ಮಾರಿದರೆ ಸಾಲವೇನೋ ಕರಗೀತು, ಚೋಮನಲ್ಲಿ ಉಳಿಯುವುದೇನು? ಆ ಎತ್ತುಗಳಿರುವವರೆಗೆ ಮಾತ್ರ ತಾನು ಒಂದು ದಿನ ಉಳುವವನು ಎಂಬ ನಂಬಿಕೆ ಅವನಿಗೆ ಉಂಟು’ ಎನ್ನುತ್ತಾಳೆ. ಮೂರನೆಯವನು ದುಡಿಯ ಕಡೆಗೆ ಕೈ ತೋರಿಸುತ್ತಾನೆ. ಒಡೆಯನೆದುರಿಗೆ ನಿಂತು ಆಡಲಾರದ್ದನ್ನೆಲ್ಲ ಚೋಮ ಗುಡಿಸಲಲ್ಲಿ ದುಡಿಯ ಮೇಲೆ ಆಡುತ್ತಾನೆ. ಸಂತೋಷಕ್ಕೂ ಅದೇ, ಸಿಟ್ಟಿಗೂ ಅದೇ, ಸಾವಿಗೂ ಅದೇ. ಹೀಗಿರಲು ಲೇಖಕರು ಪುಸ್ತಕಕ್ಕೆ ಚೋಮನ ಹೆಸರೊಂದನ್ನೇ ಇಡದೆ ದುಡಿಯನ್ನೂ ಸೇರಿಸಿದ್ದು ಏಕೆಂಬುದು ಹೊಳೆಯುತ್ತದೆ. ಮೂವರೂ ಓದಿದ್ದು ಅವೇ ಪುಟಗಳನ್ನು. ಒಬ್ಬೊಬ್ಬನಿಗೆ ಕಾಣದೆ ಹೋದದ್ದು ಮೂವರು ಕೂಡಿದಾಗ ಕಂಡಿತು.

ಅಭಿಪ್ರಾಯಕ್ಕೆ ಆಧಾರ ಬೇಕು ಎನ್ನುವುದು ಈ ಕಾರಣದಿಂದಲೇ. ‘ನನಗೆ ಹಾಗೆನ್ನಿಸಿತು’ ಎಂಬುದು ಮಾತಿನ ಆರಂಭವಾಗಬಹುದು, ಕೊನೆಯಾಗಬಾರದು. ಎಲ್ಲಿ ಹಾಗೆನ್ನಿಸಿತು, ಯಾವ ಮಾತಿನಿಂದ, ಯಾವ ಸನ್ನಿವೇಶದಿಂದ ಎಂದು ಪುಟವನ್ನು ತೆರೆದು ತೋರಿಸಬೇಕು. ಚೋಮ ಒಮ್ಮೆ ಭೂಮಿಯ ಆಸೆಗಾಗಿ ಮತವನ್ನು ಬಿಡಲೂ ಸಿದ್ಧನಾಗುತ್ತಾನೆ. ಆದರೆ ಹಾಗೆ ಮಾಡದೆ ಹಿಂದಿರುಗುತ್ತಾನೆ. ಅದು ನಂಬಿಕೆಯ ಬಲವೋ, ದೈವದ ಭಯವೋ, ಹುಟ್ಟಿದ ಮಣ್ಣಿನ ಕಟ್ಟೋ? ಈ ಪ್ರಶ್ನೆಗೆ ಒಂದೇ ಉತ್ತರವನ್ನು ಬರೆಸುವ ಉಪಾಧ್ಯಾಯರಿಗಿಂತ, ಆ ಅಧ್ಯಾಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ ಎರಡು ಪಕ್ಷದವರಿಗೂ ಮಾತನಾಡಲು ಬಿಡುವ ಉಪಾಧ್ಯಾಯರು ಹೆಚ್ಚಿನ ಉಪಕಾರ ಮಾಡುತ್ತಾರೆಂದು ನನ್ನ ಎಣಿಕೆ. ಪರೀಕ್ಷೆಗೆ ತೊಂದರೆಯಾದೀತೆಂದು ಕೆಲವರು ಅಂಜಬಹುದು. ಆ ಅಂಜಿಕೆಗೆ ಆಧಾರವಿಲ್ಲ. ತಾನೇ ವಾದಿಸಿದ್ದನ್ನು ವಿದ್ಯಾರ್ಥಿ ಮರೆಯುವುದು ಅಪರೂಪ.

ಓದುಗ ನಿಂತ ಜಾಗವೂ ಅವನ ಅಭಿಪ್ರಾಯವನ್ನು ರೂಪಿಸುತ್ತದೆ. 1933ರಲ್ಲಿ ಈ ಕಾದಂಬರಿಯನ್ನು ಕೈಗೆತ್ತಿಕೊಂಡವರಲ್ಲಿ ಬಹುಮಂದಿ ಚೋಮನ ಒಡೆಯನ ಕಡೆಯ ಮನೆಗಳವರು. ಚೋಮನ ಕೇರಿಯವರಿಗೆ ಓದುವ ಅನುಕೂಲವೇ ಇರಲಿಲ್ಲ. ಆ ಓದುಗರಿಗೆ ಇದು ಮನ ಕರಗಿಸುವ ಕಥೆ. ಕಾಲ ಬದಲಾಯಿತು. 1974ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯಿಂದ ಉಳುವ ಗೇಣಿದಾರನಿಗೆ ನೆಲದ ಒಡೆತನ ದೊರೆಯುವ ಮಾರ್ಗ ತೆರೆಯಿತು. 1976ರಲ್ಲಿ ಜೀತಪದ್ಧತಿಯನ್ನು ರದ್ದುಪಡಿಸುವ ಕಾನೂನು ದೇಶಕ್ಕೆಲ್ಲ ಅನ್ವಯಿಸುವಂತೆ ಬಂತು. ಬಿ. ವಿ. ಕಾರಂತರು ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದ್ದು ಇವೆರಡರ ನಡುವೆ, 1975ರಲ್ಲಿ. ಆಮೇಲಿನ ಓದುಗ ‘ಅಯ್ಯೋ ಪಾಪ’ ಎಂದಷ್ಟಕ್ಕೆ ಸುಮ್ಮನಾಗುವುದಿಲ್ಲ. ಚೋಮ ಗೇಣಿದಾರನೂ ಆಗಿರಲಿಲ್ಲವಲ್ಲ, ಬರಿಯ ಆಳು. ಉಳುವವನೇ ಒಡೆಯನೆಂದರೆ ಉಳಲು ಬಿಡದಿದ್ದವನ ಗತಿಯೇನು ಎಂದು ಕೇಳುತ್ತಾನೆ. ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಅದನ್ನು ಕೇಳುವ ಪ್ರಶ್ನೆಗಳು ಬದಲಾದವು.

ಒಂದು ತರಗತಿಯೊಳಗೂ ಹೀಗೆಯೇ. ಗದ್ದೆಯುಳ್ಳ ಮನೆಯಿಂದ ಬಂದ ಹುಡುಗ ಮತ್ತು ಅಜ್ಜ ಜೀತಕ್ಕಿದ್ದ ಮನೆಯಿಂದ ಬಂದ ಹುಡುಗ ಒಂದೇ ಬೆಂಚಿನ ಮೇಲೆ ಕುಳಿತು ಚೋಮನ ಕಥೆಯನ್ನು ಓದುತ್ತಾರೆ. ಮೊದಲನೆಯವನು ಸುಲಭವಾಗಿ ಮಾತನಾಡುತ್ತಾನೆ. ಎರಡನೆಯವನು ತಲೆ ತಗ್ಗಿಸಿ ಕುಳಿತಿರಬಹುದು. ಅವನಿಗೆ ಹೇಳುವುದು ಇಲ್ಲವೆಂದಲ್ಲ, ಬಹಳ ಇದೆ; ಹೇಳಿದರೆ ಎಲ್ಲರೂ ತನ್ನ ಮನೆಯ ಕಡೆ ನೋಡುವರೆಂಬ ಸಂಕೋಚ. ಅವನನ್ನು ಒತ್ತಾಯದಿಂದ ಎಬ್ಬಿಸಿ ನಿಲ್ಲಿಸುವುದು ಸೌಜನ್ಯವಲ್ಲ. ಅವನು ಮಾತನಾಡಲು ಮನಸ್ಸು ಮಾಡಿದಾಗ ಉಳಿದವರು ನಗದೆ, ನಡುವೆ ಬಾಯಿ ಹಾಕದೆ ಕೇಳುವುದು ಅಗತ್ಯ. ಹಳೆಯ ಜಗಲಿಯ ಆಚೆ ನಿಂತವರ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲವೆಂದು ಮೇಲೆ ಹೇಳಿದೆ. ತರಗತಿಯ ಕೋಣೆಯೂ ಅಂಥದೇ ಇನ್ನೊಂದು ಜಗಲಿಯಾಗಬೇಕಿಲ್ಲ.

‘ಚೋಮನ ದುಡಿ’ಯನ್ನು ಓದಿದವರು ದೇವನೂರ ಮಹಾದೇವರ ‘ಒಡಲಾಳ’ವನ್ನೂ ಓದಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಕಾರಂತರು ಹೊರಗಿನಿಂದ, ಆದರೆ ತುಂಬಿದ ಅನುಕಂಪದಿಂದ ನೋಡಿ ಬರೆದರು. ಮಹಾದೇವರು ಆ ಬದುಕಿನ ಒಳಗಿನಿಂದಲೇ, ಅಲ್ಲಿಯ ಆಡುನುಡಿಯಲ್ಲಿಯೇ ಬರೆದರು. ಅಲ್ಲಿ ಸಾಕವ್ವನೆಂಬ ಮುದುಕಿ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಒಂದು ರಾತ್ರಿ ಮನೆಮಂದಿಯೆಲ್ಲ ಒಲೆಯ ಸುತ್ತ ಕುಳಿತು ಕಡಲೆಕಾಯಿ ತಿನ್ನುತ್ತಾರೆ. ಬೆಳಗಾದರೆ ಪೊಲೀಸರು ಬರುತ್ತಾರೆ. ದೊಡ್ಡ ಘಟನೆಗಳೇ ಇಲ್ಲವಲ್ಲ ಎಂದು ಒಬ್ಬ ಓದುಗ ಹೇಳಿಯಾನು. ಆ ರಾತ್ರಿಯ ಕಡಲೆಕಾಯಿಯ ಸಂತೋಷಕ್ಕಿಂತ ದೊಡ್ಡ ಘಟನೆ ಏನು ಬೇಕು ಎಂದು ಇನ್ನೊಬ್ಬ ಕೇಳಿಯಾನು. ನಾನು ಎರಡನೆಯವನ ಪಕ್ಷ. ಚೋಮನ ಮನೆಯಲ್ಲಿ ನಮಗೆ ಕಾಣುವುದು ಹೆಚ್ಚಾಗಿ ಸಂಕಟ. ಸಾಕವ್ವನ ಮನೆಯಲ್ಲಿ ನಗು, ಜಗಳ, ತುಂಟತನ ಎಲ್ಲವೂ ಉಂಟು. ಬಡವರ ಬಾಳಿನಲ್ಲಿ ನಗುವೂ ಇರುತ್ತದೆಂಬುದು ದೂರದಿಂದ ನೋಡುವವರಿಗೆ ಬೇಗ ಕಾಣುವುದಿಲ್ಲ.

ಇನ್ನು, ಓದದೆಯೇ ಅಭಿಪ್ರಾಯ ಹೇಳುವವರ ವಿಚಾರ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಅಗ್ರಹಾರವೊಂದರಲ್ಲಿ ಆಚಾರವನ್ನೆಲ್ಲ ಬಿಟ್ಟ ನಾರಣಪ್ಪ ತೀರಿಕೊಂಡಾಗ ಅವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಯಿಂದ ಕಾದಂಬರಿ ಬೆಳೆಯುತ್ತದೆ. ಉತ್ತರ ಹುಡುಕಲು ಹೊರಟ ಪಂಡಿತ ಪ್ರಾಣೇಶಾಚಾರ್ಯರ ಬಾಳೇ ಅಲುಗಾಡಿಹೋಗುತ್ತದೆ. ಒಂದು ಸಮುದಾಯವನ್ನು ಹೀನಾಯವಾಗಿ ಚಿತ್ರಿಸಿದೆಯೆಂದು ಕೆಲವರು ಕೋಪಗೊಂಡರು. ಧರ್ಮವೆಂದರೇನೆಂಬ ಪ್ರಶ್ನೆಯನ್ನು ಇಷ್ಟು ಆಳಕ್ಕೆ ಒಯ್ದ ಕನ್ನಡ ಕಾದಂಬರಿಗಳು ವಿರಳವೆಂದು ಕೆಲವರು ಕೊಂಡಾಡಿದರು. ಅದನ್ನು ಆಧರಿಸಿದ ಚಲನಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ನೀಡಲಿಲ್ಲ. ಅನುಮತಿ ದೊರೆತ ಮೇಲೆ 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೇ ಸಂದಿತು. ಇಂಥ ವಿವಾದ ಎದ್ದಾಗಲೆಲ್ಲ ಪುಸ್ತಕವನ್ನು ಮುಟ್ಟದವರ ದನಿ ಓದಿದವರ ದನಿಗಿಂತ ಜೋರಾಗುವುದುಂಟು. ಕಾದಂಬರಿಯ ಒಂದು ಪಾತ್ರ ಆಡಿದ ಮಾತು ಲೇಖಕನ ಮಾತಲ್ಲ. ಒಂದು ತಪ್ಪನ್ನು ಚಿತ್ರಿಸುವುದೆಂದರೆ ಆ ತಪ್ಪನ್ನು ಮೆಚ್ಚುವುದಲ್ಲ. ಪುಸ್ತಕವನ್ನು ಪೂರ್ತಿಯಾಗಿ ಓದಿದವನಿಗೆ ಇದು ತಾನಾಗಿ ತಿಳಿಯುತ್ತದೆ. ಓದಿದ ಮೇಲೂ ಕೋಪ ಉಳಿದರೆ ಆ ಕೋಪಕ್ಕೆ ಬೆಲೆ ಉಂಟು. ಅದನ್ನು ಕಾರಣಸಹಿತವಾಗಿ ಹೇಳಲಿ, ಕೇಳೋಣ.

ಎರವಲು ಅಭಿಪ್ರಾಯವೂ ಇದರ ತಮ್ಮನೇ. ಮುನ್ನುಡಿಯಲ್ಲಿ ವಿದ್ವಾಂಸರು ಬರೆದದ್ದನ್ನೋ ಅಂಗಡಿಯಲ್ಲಿ ಕೊಂಡ ಪ್ರಶ್ನೋತ್ತರ ಪುಸ್ತಕದಲ್ಲಿದ್ದುದನ್ನೋ ಉರುಹೊಡೆದು ಒಪ್ಪಿಸಿದರೆ ನಾಲಗೆಗೆ ಕೆಲಸವಾಯಿತು, ಮನಸ್ಸಿಗೆ ಆಗಲಿಲ್ಲ. ಮುನ್ನುಡಿಯನ್ನು ಕಾದಂಬರಿ ಮುಗಿದ ಬಳಿಕ ಓದುವುದೇ ಲೇಸು.

ಪಂಡಿತರು ಹೊಗಳದ ಕಾದಂಬರಿಗಳನ್ನು ಓದಿ ಮಾತನಾಡಲು ಹಲವರು ನಾಚುತ್ತಾರೆ. ಇದಕ್ಕೆ ಕಾರಣವಿಲ್ಲ. ತ್ರಿವೇಣಿಯವರು 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರ ಕಾದಂಬರಿಗಳನ್ನು ವಾಚನಾಲಯಗಳಿಂದ ತಂದು, ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಓದಿದ ಗೃಹಿಣಿಯರು ಲೆಕ್ಕವಿಲ್ಲದಷ್ಟು. ಒಂದು ಪ್ರತಿ ಒಂದು ಬೀದಿಯ ಮನೆಗಳನ್ನೆಲ್ಲ ಸುತ್ತಿ, ರಟ್ಟು ಕಿತ್ತು, ಹಾಳೆಯ ತುದಿ ಮಡಿಸಿಕೊಂಡು ವಾಚನಾಲಯಕ್ಕೆ ಮರಳುತ್ತಿತ್ತು. ಬಾವಿಕಟ್ಟೆಯಲ್ಲಿ, ಹಪ್ಪಳ ಒಣಗಿಸುವ ಮಾಳಿಗೆಯ ಮೇಲೆ ಅದರ ಚರ್ಚೆಯಾಗುತ್ತಿತ್ತು. 1965ರಲ್ಲಿ ಆರಂಭವಾದ ‘ಸುಧಾ’ದಂಥ ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರುವಾಗಲಂತೂ, ಮುಂದಿನ ವಾರ ಏನಾದೀತೆಂದು ಊಹಿಸುವುದೇ ಒಂದು ಸಂಭ್ರಮ. ಈ ಓದುಗಿತ್ತಿಯರ ಮಾತನ್ನು ವಿಮರ್ಶೆಯೆಂದು ಕರೆದವರು ಕಡಿಮೆ. ಆದರೆ ‘ಶರಪಂಜರ’ದ ಕಾವೇರಿಯನ್ನು ನೆನೆಯಿರಿ. ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಅವಳು ಮನೆಗೆ ಬರುತ್ತಾಳೆ; ಮನೆಯವರೂ ನೆರೆಯವರೂ ಅವಳನ್ನು ಇನ್ನೂ ಹುಚ್ಚಿಯೆಂದೇ ನೋಡುತ್ತಾರೆ. ಇದನ್ನು ಓದಿ ಅತ್ತವಳೊಬ್ಬಳು ಕಣ್ಣೊರೆಸಿಕೊಂಡು, ‘ಅವಳಿಗೆ ಗುಣವಾಗಿತ್ತು, ಊರಿಗೆ ಗುಣವಾಗಿರಲಿಲ್ಲ’ ಎಂದಳೆನ್ನಿ. ಹತ್ತು ಪುಟದ ಲೇಖನ ಹೇಳುವುದನ್ನು ಅವಳು ಒಂದು ವಾಕ್ಯದಲ್ಲಿ ಹೇಳಿದಳು. ಕಣ್ಣೀರೇ ತೀರ್ಪಲ್ಲ, ನಿಜ. ಅಗ್ಗದ ಕಥೆಯೂ ಅಳಿಸಬಲ್ಲುದು. ಯಾವುದಕ್ಕೆ ಅತ್ತೆ ಎಂದು ಕೇಳಿಕೊಂಡಾಗ ಅಗ್ಗದ ಕಥೆಗೆ ಉತ್ತರ ಸಿಗುವುದಿಲ್ಲ, ಒಳ್ಳೆಯ ಕಥೆಗೆ ಸಿಗುತ್ತದೆ.

ದೊಡ್ಡ ಕಾದಂಬರಿಗಳ ವಿಷಯದಲ್ಲಿ ‘ಇದು ಯಾರ ಕಥೆ?’ ಎಂಬ ಸಣ್ಣ ಪ್ರಶ್ನೆಯೊಂದೇ ಸಾಕು, ಸಂಜೆಯೆಲ್ಲ ಮಾತಿಗೆ ಎಡೆಯಾಗುತ್ತದೆ. ಕಾರಂತರ ‘ಮರಳಿ ಮಣ್ಣಿಗೆ’ ಕಡಲತಡಿಯ ಒಂದು ಮನೆತನದ ಮೂರು ತಲೆಮಾರುಗಳ ಕಥೆ. ರಾಮ ಐತಾಳರದೆಂದು ಒಬ್ಬರು, ಮಣ್ಣಿಗೆ ಮರಳುವ ಮೊಮ್ಮಗ ರಾಮನದೆಂದು ಒಬ್ಬರು ಹೇಳಬಹುದು. ಆದರೆ ಐತಾಳರ ವಿಧವೆ ತಂಗಿ ಸರಸೋತಿ, ಹೆಂಡತಿ ಪಾರೋತಿ, ಸೊಸೆ ನಾಗವೇಣಿ, ಈ ಮೂವರ ಬೆನ್ನಿನ ಮೇಲೆಯೇ ಆ ಮನೆ ನಿಂತಿದೆಯಲ್ಲವೆ? ಗದ್ದೆಯಲ್ಲಿ ದುಡಿದವರು, ಉಪವಾಸದ ದಿನಗಳನ್ನು ದೂಡಿದವರು ಅವರು. ಮನೆಯ ಹೆಸರು ಮಾತ್ರ ಗಂಡಸರದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗಂತೂ ಒಬ್ಬ ನಾಯಕನೇ ಇಲ್ಲ. ಅದನ್ನು ಓದಿದವರಲ್ಲಿ ಗುತ್ತಿಯ ನಾಯಿ ಹುಲಿಯನನ್ನೇ ಎಲ್ಲರಿಗಿಂತ ಹೆಚ್ಚಾಗಿ ನೆನಪಿಟ್ಟುಕೊಂಡವರು ಎಷ್ಟೋ ಮಂದಿ. ಆ ಮಾತನ್ನು ಬಾಲಿಶವೆಂದು ತಳ್ಳಿಹಾಕಬಾರದು. ಮನುಷ್ಯರಿಗೆ ಕೊಟ್ಟ ಗಮನವನ್ನೇ ಲೇಖಕರು ನಾಯಿಗೂ ಕೊಟ್ಟಿರುವುದರಿಂದ ಅದು ಹುಟ್ಟಿದೆ.

ಓದದ ಗೆಳೆಯನ ಮುಂದೆ ಕಾದಂಬರಿಯ ಕೊನೆಯನ್ನು ಬಿಚ್ಚಿಡಬೇಡಿ. ಅವನ ಪಾಲಿನ ಕುತೂಹಲವನ್ನು ಕದ್ದಂತಾಗುತ್ತದೆ. (ಚೋಮನ ಕೊನೆಯನ್ನು ನಾನು ಇಲ್ಲಿ ಹೇಳಿದ್ದೇನೆ, ಆದರೆ ಚೋಮನು ಹೇಗೆ ಸತ್ತನೆಂದು ತಿಳಿದ ಮೇಲೂ ಆ ಪುಟಗಳು ಸಪ್ಪೆಯಾಗುವುದಿಲ್ಲ.) ಓದುವಾಗ ಹತ್ತಿರ ಒಂದು ಹಾಳೆ ಇಟ್ಟುಕೊಂಡು, ಮನಸ್ಸು ತಡೆದು ನಿಂತ ಪುಟದ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ವಾಚನಾಲಯದ ಪುಸ್ತಕದ ಅಂಚಿನಲ್ಲಿ ಬರೆಯುವವರನ್ನು ಮಾತ್ರ ಕ್ಷಮಿಸಲಾಗದು. ಹೋದ ವಾರ ಹೇಳಿದ ಅಭಿಪ್ರಾಯವನ್ನು ಈ ವಾರ ಬದಲಾಯಿಸಿಕೊಂಡವನನ್ನು ಹಾಸ್ಯ ಮಾಡುವುದೂ ತರವಲ್ಲ. ನಡುವೆ ಅವನು ಮತ್ತೊಮ್ಮೆ ಓದಿರಬಹುದು, ಇಲ್ಲವೆ ನಿಮ್ಮ ಮಾತನ್ನೇ ನಿಜವಾಗಿ ಕೇಳಿಸಿಕೊಂಡಿರಬಹುದು.

ಕೆಲವು ಪ್ರಶ್ನೆಗಳು ಎಷ್ಟು ಮಾತನಾಡಿದರೂ ಬಗೆಹರಿಯುವುದಿಲ್ಲ. ಕಾರಂತರಿಗೆ 1977ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ ‘ಮೂಕಜ್ಜಿಯ ಕನಸುಗಳು’ ಅಂಥದು. ಬಾಲ್ಯದಲ್ಲಿಯೇ ವಿಧವೆಯಾದ ಅಜ್ಜಿ, ಮುಪ್ಪಿನಲ್ಲಿ ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ವಸ್ತುಗಳನ್ನು ಕೈಯಲ್ಲಿ ಹಿಡಿದು ಸಾವಿರಾರು ವರ್ಷಗಳ ಹಿಂದಿನದನ್ನು ಕಾಣುತ್ತಾಳೆ. ದೇವರ ವಿಷಯವಾಗಿ, ಗಂಡುಹೆಣ್ಣಿನ ಬಾಳಿನ ವಿಷಯವಾಗಿ ಯಾರಿಗೂ ಅಂಜದೆ ಮಾತನಾಡುತ್ತಾಳೆ. ಕಥೆಗಿಂತ ವಿಚಾರವೇ ಹೆಚ್ಚಿರುವ ಇದನ್ನು ಕಾದಂಬರಿ ಎನ್ನಬಹುದೆ ಎಂದು ಕೆಲವರು ಕೇಳುತ್ತಾರೆ. ಅಜ್ಜಿಯ ಬಾಯಲ್ಲಿ ಲೇಖಕರೇ ಮಾತನಾಡುತ್ತಿದ್ದಾರೆಂದು ಅವರ ಆಕ್ಷೇಪ. ಹಾಗಲ್ಲ, ಜೀವಮಾನವೆಲ್ಲ ಬಾಯಿ ಮುಚ್ಚಿಕೊಂಡಿರಬೇಕಾದ ಹೆಂಗಸು ಎಂಬತ್ತರ ಹತ್ತಿರ ಬಂದು ಮಾತನಾಡತೊಡಗಿದಳೆಂಬುದೇ ಅದರ ಕಥೆ ಎಂದು ಇನ್ನು ಕೆಲವರು ಉತ್ತರಿಸುತ್ತಾರೆ. ಪುಸ್ತಕ 1968ರಲ್ಲಿ ಹೊರಬಂತು. ಅದನ್ನು ಓದಿದ ಇಬ್ಬರು ಎಲ್ಲಿಯಾದರೂ ಸೇರಿದರೆ ಈ ವಾದ ಇಂದಿಗೂ ಹೊಸದಾಗಿಯೇ ಆರಂಭವಾಗುತ್ತದೆ.